ಕಂಪನಿಯದ್ದಲ್ಲದ ಏರ್ ಇಂಟೇಕ್ ಹಾಕಿದ ಮೇಲೆ ಚೆಕ್ ಎಂಜಿನ್ ದೀಪ ಉರಿಯುವುದೇಕೆ?

ನಿಮ್ಮ ಪ್ರಶ್ನೆಯಲ್ಲಿ ಬೇಕಾದ ಎಲ್ಲ ಮಾಹಿತಿ ಉಂಟು: ಕಾಸರಗೋಡಿನ ಕುಂಬಳೆ–ಬದಿಯಡ್ಕ ದಾರಿಯಲ್ಲಿ ದಿನಾ ಓಡುವ 1.2 ಲೀಟರ್ ಪೆಟ್ರೋಲ್ ಕಾರು, ಎಂಜಿನ್ನಿಗೆ ಗಾಳಿ ಒಯ್ಯುವ ಕಂಪನಿ ಪೈಪಿನ ಒಳಅಳತೆ 60 ಮಿ.ಮೀ., ಹೊಸ ಕಿಟ್‌ನ ಪೈಪು 70 ಮಿ.ಮೀ., ಫಿಲ್ಟರಿನ ಹಿಂದೆ ಐದು ವಯರಿನ ಮಾಫ್ ಸೆನ್ಸರ್ (ಎಂಜಿನ್ನಿಗೆ ಹೋಗುವ ಗಾಳಿ ಅಳೆಯುವಂಥದ್ದು), ಮೂರೇ ದಿನಕ್ಕೆ ಪಿ0171 ಕೋಡ್ (ಗಾಳಿಗೆ ತಕ್ಕ ಪೆಟ್ರೋಲು ಇಲ್ಲ ಎಂಬ ಎಚ್ಚರಿಕೆ), ಮಧ್ಯಾಹ್ನ ಪಿಕಪ್ ಕಡಿಮೆ. ಸೆನ್ಸರ್ ಹಾಳಾಗಿಲ್ಲ, ಹೊಸತು ತರಲು ಹೋಗಬೇಡಿ. ತಪ್ಪು ಆಗಿರುವುದು ಪೈಪಿನ ಅಳತೆಯಲ್ಲಿ.

ಮಾಫ್ ಸೆನ್ಸರ್ ಇಡೀ ಪೈಪಿನ ಗಾಳಿಯನ್ನು ಅಳೆಯುವುದಿಲ್ಲ. ತನ್ನ ಸಣ್ಣ ಕಿಂಡಿಯಲ್ಲಿ ಹಾದು ಹೋಗುವ ಗಾಳಿ ಬಿಸಿ ತಂತಿಯನ್ನು ಎಷ್ಟು ತಣಿಸುತ್ತದೆ ಎಂದು ನೋಡಿ, ಪೈಪು 60 ಮಿ.ಮೀ. ಎಂದು ನಂಬಿ ಲೆಕ್ಕ ಹಾಕುವುದು ಇಸಿಯು, ಅಂದರೆ ಎಂಜಿನ್ನಿನ ಕಂಪ್ಯೂಟರ್. 70 ಭಾಗ 60, ಅದರ ವರ್ಗ 1.36. ಅಂದರೆ ಹೊಸ ಪೈಪಿನ ಅಡ್ಡಕೊಯ್ತ 36 ಶೇಕಡಾ ದೊಡ್ಡದು. ಅಷ್ಟೇ ಗಾಳಿ ಅಗಲ ದಾರಿಯಲ್ಲಿ ನಿಧಾನ ಹೋಗುತ್ತದೆ, ಸೆನ್ಸರ್ ಸುಮಾರು 27 ಶೇಕಡಾ ಕಡಿಮೆ ತೋರಿಸುತ್ತದೆ, ಪೆಟ್ರೋಲೂ ಅಷ್ಟೇ ಕಡಿಮೆ ಬೀಳುತ್ತದೆ. ಹೊಗೆಯಲ್ಲಿ ಉಳಿದ ಆಮ್ಲಜನಕ ನೋಡುವ ಆಕ್ಸಿಜನ್ ಸೆನ್ಸರ್ ಹೇಳಿದಂತೆ ಇಸಿಯು ಪೆಟ್ರೋಲು ಏರಿಸುತ್ತಾ ಹೋಗುತ್ತದೆ. ಆದರೆ ಹೆಚ್ಚಿನ ಕಾರುಗಳಲ್ಲಿ ಈ ತಿದ್ದುಪಡಿ 25 ಶೇಕಡಾದ ಆಸುಪಾಸು ಮುಟ್ಟುವಾಗಲೇ ದೀಪ ಹತ್ತುತ್ತದೆ. ನಿಮ್ಮದಕ್ಕೆ ಬೇಕಾದದ್ದು 36. ಇದನ್ನು ಸರಿ ಮಾಡುವವರೆಗೆ ಆಕ್ಸಿಲರೇಟರ್ ಪೂರ್ತಿ ಒತ್ತಬೇಡಿ. ಪೂರ್ತಿ ಒತ್ತಿದಾಗ ಇಸಿಯು ಆಕ್ಸಿಜನ್ ಸೆನ್ಸರಿನ ಮಾತು ಕೇಳುವುದಿಲ್ಲ, ಪೆಟ್ರೋಲು ಕಡಿಮೆಯಾಗಿ ಸೊರಗಿದ ಮಿಶ್ರಣದಲ್ಲಿ ನಾಕಿಂಗ್ (ಮಿಶ್ರಣ ತಾನಾಗಿ ಹೊತ್ತಿ ಎಂಜಿನ್ ಕಟಕಟ ಬಡಿಯುವುದು) ಬರಬಹುದು.

ಪರಿಹಾರ ಸುಲಭ. ನಿಮ್ಮ ಮಾಡೆಲಿನದ್ದೇ ಹಳೇ ಫಿಲ್ಟರ್ ಬಾಕ್ಸಿನ ಮುಚ್ಚಳ ಗುಜರಿಯಲ್ಲಿ ಸಿಕ್ಕಿದರೆ ಅದರಿಂದ ಸೆನ್ಸರ್ ಕೂರುವ 60 ಮಿ.ಮೀ. ತುಂಡನ್ನು ಕತ್ತರಿಸಿ, ಕಿಟ್ಟಿನ ಶಂಕು ಆಕಾರದ ಕೋನ್ ಫಿಲ್ಟರಿಗೂ ಪೈಪಿಗೂ ನಡುವೆ, ಪೈಪು ಜೋಡಿಸುವ ಸಿಲಿಕೋನ್ ಕಪ್ಲರ್‌ನಲ್ಲಿ ಕೂರಿಸಿ. ನಿಮ್ಮ ಸ್ವಂತ ಬಾಕ್ಸನ್ನು ಕತ್ತರಿಸಬೇಡಿ, ಅದು ಮತ್ತೆ ಬೇಕಾಗುತ್ತದೆ. ಆ ತುಂಡಿನೊಳಗೆ ಜೇನುಗೂಡಿನಂತಹ ಜಾಲರಿ ಇದ್ದರೆ ಕೀಳಬೇಡಿ, ಗಾಳಿಯನ್ನು ನೇರ ಮಾಡುವುದೇ ಅದು. ಸೆನ್ಸರಿನ ಮುಂದೆ (ಫಿಲ್ಟರ್ ಕಡೆ) ಕಡೇ ಪಕ್ಷ 10 ಸೆಂ.ಮೀ. ನೇರ ದಾರಿ ಇರಲಿ. ಬಾಗಿದ ಕಡೆ ಗಾಳಿ ಸುಳಿ ಸುತ್ತಿ ಐಡಲ್ (ಕಾರು ನಿಂತಿರುವಾಗಿನ ಎಂಜಿನ್ ವೇಗ) ಏರಿಳಿಯುತ್ತದೆ. ಸೆನ್ಸರಿನ ಮೇಲಿನ ಬಾಣದ ಗುರುತು ಎಂಜಿನ್ ಕಡೆಗಿರಬೇಕು.

ಬಿಚ್ಚಿದ ಕೈಯಲ್ಲೇ ಎಂಜಿನ್ ಮೇಲಿನ ವಾಲ್ವ್ ಕವರಿನಿಂದ ಬರುವ, ಎಂಜಿನ್ ಒಳಗೆ ಗಾಳಿಯಾಡಿಸುವ ಬ್ರೀದರ್ ಹೋಸನ್ನೂ ನೋಡಿ. ಕಿಟ್ ಹಾಕುವವರು ಅದಕ್ಕೆ ಒಂದು ಪುಟ್ಟ ಫಿಲ್ಟರ್ ಸಿಕ್ಕಿಸಿ ಬಿಡುವುದುಂಟು. ಆ ಹೋಸು ಸೆನ್ಸರಿಗೂ ಥ್ರಾಟಲಿಗೂ (ಎಂಜಿನ್ನಿಗೆ ಗಾಳಿ ಬಿಡುವ ಬಾಗಿಲು) ನಡುವೆಯೇ ಸೇರಬೇಕು. ಹೊರಗೆ ಬಿಟ್ಟರೆ ಲೆಕ್ಕಕ್ಕೆ ಸಿಗದ ಗಾಳಿ ಕ್ರ್ಯಾಂಕ್‌ಕೇಸಿನ ಮೂಲಕ, ಸಿಲಿಂಡರುಗಳಿಗೆ ಗಾಳಿ ಹಂಚುವ ಮ್ಯಾನಿಫೋಲ್ಡಿಗೆ ಬರುತ್ತದೆ. ಪೈಪಿನ ಒಂದು ತುದಿಯನ್ನು ರಬ್ಬರ್ ಬುಷ್ ಇರುವ ಬ್ರ್ಯಾಕೆಟಿನಲ್ಲಿ ಕಾರಿನ ಬಾಡಿಯ ಮೇಲೆ ಬಿಗಿಯಿರಿ. ಥ್ರಾಟಲ್ ಕಡೆ ಕಪ್ಲರ್ ಮಾತ್ರ ಸಾಕು. ಎಂಜಿನ್ ತನ್ನ ಮೌಂಟಿನ ಮೇಲೆ ಅಲುಗುತ್ತದೆ, ಎರಡೂ ಕಡೆ ಗಟ್ಟಿ ಹಿಡಿದರೆ ಯಾವುದಾದರೊಂದು ಜೋಡಣೆ ಬಿಡುತ್ತದೆ. ಕ್ಲ್ಯಾಂಪನ್ನು ಕಪ್ಲರ್ ತಿರುಗದಷ್ಟು ಬಿಗಿ ಮಾಡಿ, ರಬ್ಬರ್ ಹಿಂಡಿ ಹೊರಬರುವಷ್ಟು ಬೇಡ.

ಇನ್ನು ಟ್ಯೂನಿಂಗ್. ಕಾರಿನ ಕೋಡ್ ಓದಲು ಇರುವ ಓಬಿಡಿ ಪೋರ್ಟಿಗೆ ಸಿಕ್ಕಿಸುವ ಬ್ಲೂಟೂತ್ ಅಡಾಪ್ಟರ್ ಒಂದು ತೆಗೆದುಕೊಳ್ಳಿ. ಮೊದಲು ಕಂಪನಿ ಬಾಕ್ಸನ್ನೇ ಹಾಕಿ, ಕೋಡ್ ಅಳಿಸಿ, ಎಸಿ ಇಲ್ಲದೆ ಹತ್ತು ನಿಮಿಷ, ಎಸಿ ಹಾಕಿ ಐದು ನಿಮಿಷ ಐಡಲಿನಲ್ಲಿ ಬಿಡಿ. ಮಂಗಳೂರಿಗೆ ಒಮ್ಮೆ ಹೋಗಿ ಬನ್ನಿ. ಪೇಟೆಯ ಓಟ, ಹೈವೇ ಓಟ ಎರಡೂ ಸಿಗುತ್ತದೆ. ಆಮೇಲೆ ಐಡಲಿನಲ್ಲಿ ಮತ್ತು 2500 ಆರ್‌ಪಿಎಂನಲ್ಲಿ ಶಾರ್ಟ್ ಟರ್ಮ್, ಲಾಂಗ್ ಟರ್ಮ್ ಟ್ರಿಮ್ (ಇಸಿಯು ಪೆಟ್ರೋಲಿಗೆ ಮಾಡುವ ಆ ಕ್ಷಣದ ಮತ್ತು ದೀರ್ಘಕಾಲದ ತಿದ್ದುಪಡಿ) ಬರೆದಿಡಿ. ಕಿಟ್ ಹಾಕಿ ಇದನ್ನೇ ಮತ್ತೆ ಮಾಡಿ, ಎರಡನ್ನೂ ಹೋಲಿಸಿ. ಹಳೇ ಕಾರಾದರೆ ಮೊದಲ ಅಳತೆಯಲ್ಲೇ ಮೂರು–ನಾಲ್ಕು ಶೇಕಡಾ ಪ್ಲಸ್ ಕಾಣಬಹುದು. ಗಾಬರಿ ಬೇಡ, ಅದು 20 ಶೇಕಡಾ ಎಥನಾಲ್ ಬೆರೆತ ಇ20 ಪೆಟ್ರೋಲಿನ ಗುಣ. ಎಥನಾಲ್ ಹೆಚ್ಚಿದಷ್ಟೂ ಅದೇ ಗಾಳಿಗೆ ಹೆಚ್ಚು ಇಂಧನ ಬೇಕು.

ಎರಡು ಟ್ರಿಮ್ ಕೂಡಿಸಿದ ಮೊತ್ತ ಮೊದಲಿಗಿಂತ 5 ಶೇಕಡಾದೊಳಗೆ ಬದಲಾಗಿದ್ದರೆ ಕೆಲಸ ಆಯಿತು. ಐಡಲಿನಲ್ಲಿ ಪ್ಲಸ್ 15 ಇದ್ದು 2500ಕ್ಕೆ 3–4ಕ್ಕೆ ಇಳಿದರೆ ಎಲ್ಲೋ ಗಾಳಿ ಸೋರುತ್ತಿದೆ, ಬ್ರೀದರ್ ಮತ್ತು ಕಪ್ಲರ್ ನೋಡಿ. ಎಲ್ಲ ಕಡೆ ಒಂದೇ ಸಮ ಏರಿದ್ದರೆ ಪೈಪಿನ ಅಳತೆ ಇನ್ನೂ ತಪ್ಪು. ಎಂಜಿನ್ ಮೇಲೆ ಭಾರ ಬಿದ್ದ ಹಾಗೆ ಏರಿದರೆ ತಂತಿಗೆ ಎಣ್ಣೆ ಹತ್ತಿದೆ, ಎಣ್ಣೆ ಹಚ್ಚುವ ಕಾಟನ್ ಫಿಲ್ಟರಿನಲ್ಲಿ ಇದು ಮಾಮೂಲು. ಮಾಫ್ ಕ್ಲೀನರ್ ಸ್ಪ್ರೇಯಿಂದ ಹತ್ತು–ಹದಿನೈದು ಸಲ ಚಿಮ್ಮಿಸಿ, ಪೂರ್ತಿ ಒಣಗಿದ ಮೇಲೆ ಕೂರಿಸಿ. ಬಟ್ಟೆ, ಕಾರ್ಬೊರೇಟರ್ ಕ್ಲೀನರ್, ಕಂಪ್ರೆಸರ್ ಗಾಳಿ ಮೂರೂ ಬೇಡ. 70 ಪೈಪೇ ಬೇಕೆಂಬ ಹಟವಿದ್ದರೆ ಇಸಿಯುವಿನ ಮಾಫ್ ಟೇಬಲನ್ನು 1.36ರಿಂದ ಗುಣಿಸಿ, ಮಿಶ್ರಣವನ್ನು ನಿಖರವಾಗಿ ಅಳೆಯುವ ವೈಡ್‌ಬ್ಯಾಂಡ್ ಸೆನ್ಸರ್ ಹಾಕಿ ತಿದ್ದಬೇಕು. 1.2 ಲೀಟರಿನ ಎಂಜಿನಿಗೆ ಅಷ್ಟು ದುಡ್ಡು ಹಾಕುವುದು ನನಗೆ ಒಪ್ಪಿಗೆ ಇಲ್ಲ.

ಮಧ್ಯಾಹ್ನದ ಪಿಕಪ್‌ಗೆ ಮತ್ತೊಂದು ಕಾರಣವೂ ಉಂಟು. ಬಾಕ್ಸ್ ಇಲ್ಲದ ಕೋನ್ ಎಳೆಯುವುದು ಬಾನೆಟ್ಟಿನೊಳಗಿನ ಗಾಳಿ. ಹೊರಗೆ 33 ಡಿಗ್ರಿ ಇರುವಾಗ ಟ್ರಾಫಿಕ್ಕಿನಲ್ಲಿ ನಿಂತರೆ ಒಳಗೆ 60 ಆಗುವುದು ಕಷ್ಟವೇನಲ್ಲ, ಆಗ ಅದೇ ಗಾತ್ರದ ಗಾಳಿಯ ತೂಕ 8 ಶೇಕಡಾ ಕಡಿಮೆ. ಅದರ ಮೇಲೆ ಇಸಿಯು ನಾಕಿಂಗ್ ತಪ್ಪಿಸಲು ಕಿಡಿಯ ಟೈಮಿಂಗ್ ಹಿಂದೆ ಎಳೆಯುತ್ತದೆ. ಫಿಲ್ಟರಿನ ಸುತ್ತ ಅಲ್ಯುಮಿನಿಯಂ ತಗಡಿನ ಗೋಡೆ ಕಟ್ಟಿ, ಗ್ರಿಲ್ಲಿನ ಹಿಂದಿನಿಂದ ಗಾಳಿ ಬರುವ ಹಾಗೆ ಮಾಡಿ. ಓಡುವಾಗ ಇಂಟೇಕ್ ತಾಪ ಹೊರಗಿನದಕ್ಕಿಂತ 10 ಡಿಗ್ರಿಯೊಳಗೆ ನಿಲ್ಲಬೇಕು. ಆದರೆ ಫಿಲ್ಟರನ್ನು ಬಂಪರಿನ ಕೆಳಗೆ ಇಳಿಸುವ ಕಿಟ್ ಮಾತ್ರ ನಮ್ಮ ಊರಿಗಲ್ಲ. ವರ್ಷಕ್ಕೆ 3000 ಮಿ.ಮೀ. ಮೀರಿ ಮಳೆ ಬೀಳುವ ಜಿಲ್ಲೆ; ಸರ್ವಿಸ್ ರೋಡಿನ ಒಂದು ಹೊಂಡದ ನೀರು ಸಿಲಿಂಡರಿಗೆ ಹೋದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ.

ಕೆಂಪುಕಲ್ಲಿನ ಕೋರೆಗಳ ಕಡೆ ಓಡಿಸುವವರಾದರೆ ಧೂಳಿನದ್ದೂ ಯೋಚಿಸಿ. ಬೇಸಿಗೆಯಲ್ಲಿ 5000 ಕಿ.ಮೀ.ಗೊಮ್ಮೆ ಫಿಲ್ಟರ್ ಬಿಚ್ಚಿ ನೋಡಿ, ಥ್ರಾಟಲ್ ಬಾಯಿಗೆ ಬಿಳಿ ಬಟ್ಟೆ ಒರೆಸಿ. ಕೆಂಪು ಹುಡಿ ಹತ್ತಿದರೆ ಆ ಫಿಲ್ಟರ್ ಧೂಳು ತಡೆಯುತ್ತಿಲ್ಲ. ಮಳೆಗಾಲದ ಆಟಿ ತಿಂಗಳಲ್ಲಿ ತೊಳೆದ ಕಾಟನ್ ಫಿಲ್ಟರ್ ಒಂದು ರಾತ್ರಿಗೆ ಒಣಗುವುದಿಲ್ಲ, ಕಂಪನಿ ಬಾಕ್ಸೂ ಒಂದು ಪೇಪರ್ ಫಿಲ್ಟರೂ ಮನೆಯಲ್ಲಿರಲಿ.

ಕಾನೂನನ್ನೂ ಮರೆಯಬೇಡಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಕಂಪನಿಯ ಮೂಲ ವಿವರಕ್ಕೆ ವಿರುದ್ಧವಾದ ಬದಲಾವಣೆಯನ್ನು ತಡೆಯುತ್ತದೆ. 182ಎ(4)ರಲ್ಲಿ ಒಂದೊಂದು ಬದಲಾವಣೆಗೆ 5000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲಿಗೂ ಅವಕಾಶ ಉಂಟು. ಕೆಎಲ್ 14 (ಕಾಸರಗೋಡು) ನಂಬರಿನ ಗಾಡಿಯಲ್ಲಿ ಬಾನೆಟ್ ಎತ್ತಿಸಿದರೆ ಕೋನ್ ಎದ್ದು ಕಾಣುತ್ತದೆ. ನಿಮ್ಮ ಕಾರಿಗೆ ನಾನಾದರೆ ಕಂಪನಿ ಬಾಕ್ಸಿನೊಳಗೇ ಕೂರುವ, ಎಣ್ಣೆ ಹಚ್ಚದ ಪ್ಯಾನೆಲ್ ಫಿಲ್ಟರ್ ಹಾಕುವೆ. ಶಬ್ದ ಬರುವುದಿಲ್ಲ, ಅದೊಂದೇ ಕೊರತೆ.