ಆಪಲ್ ಮೇಲೆ ಅಮೆರಿಕ ಸರ್ಕಾರ ಕೇಸು ಹಾಕಿದ್ದು ಸರಿಯೇ?

ಆಪಲ್‌ನ ಐಫೋನ್ ಇಷ್ಟವಿಲ್ಲದವರು ಆಂಡ್ರಾಯ್ಡ್ ಫೋನ್ ಕೊಳ್ಳಲಿ, ಕೇಸು ಯಾಕೆ ಎಂದು ಕೇಳಿದ್ದೀರಿ. ನನ್ನ ಪ್ರಕಾರ ಕೇಸು ಬೇಕಿತ್ತು. 2024ರ ಮಾರ್ಚ್‌ನಲ್ಲಿ ಅಮೆರಿಕದ ನ್ಯಾಯ ಇಲಾಖೆ ನ್ಯೂಜೆರ್ಸಿಯ ಕೋರ್ಟಿನಲ್ಲಿ ಇದನ್ನು ಹೂಡಿತು. ಐಫೋನ್ ಚೆನ್ನಾಗಿಲ್ಲ ಎಂಬ ದೂರಲ್ಲ ಅದು. ಐಫೋನ್ ಬಿಟ್ಟು ಹೋಗುವುದನ್ನೇ ಕಷ್ಟ ಮಾಡಿದ್ದಾರೆ ಎಂಬ ದೂರು.

ಆಪಲ್ ವಾಚನ್ನೇ ನೋಡಿ. ಆಂಡ್ರಾಯ್ಡ್ ಫೋನಿಗೆ ಅದು ಜೋಡಿಯಾಗುವುದೇ ಇಲ್ಲ. ಫೋನ್ ಬದಲಿಸಿದರೆ ಅಷ್ಟು ದುಡ್ಡು ಕೊಟ್ಟು ಕೈಗೆ ಕಟ್ಟಿದ ವಾಚೂ ದಂಡ ಅಲ್ವಾ? ಬೇರೆ ಕಂಪನಿಯ ವಾಚು ಕಟ್ಟಿದರೆ, ಬಂದ ಮೆಸೇಜಿಗೆ ಅದರಿಂದಲೇ ಉತ್ತರಿಸಲು ಆಪಲ್ ಬಿಡುವುದಿಲ್ಲ ಎನ್ನುತ್ತದೆ ದೂರು.

ಇಂಥ ನಿರ್ಬಂಧಗಳ ಬೇಲಿ ಇರುವುದು ಸುರಕ್ಷತೆಗಾಗಿ ಎಂಬುದು ಆಪಲ್ ವಾದ. ಆ್ಯಪ್‌ಗಳನ್ನು ತಪಾಸಣೆ ಮಾಡುವುದರಲ್ಲಿ ಅದು ಒಪ್ಪುವ ಮಾತೇ. ವಾಚಿನ ವಿಷಯದಲ್ಲಿ ನನಗೆ ಒಪ್ಪಿಗೆಯಿಲ್ಲ. ಕೇಸು ವಜಾ ಮಾಡಿ ಎಂಬ ಆಪಲ್ ಮನವಿಯನ್ನು ಕೋರ್ಟು 2025ರ ಜೂನ್‌ನಲ್ಲಿ ತಳ್ಳಿಹಾಕಿದೆ.