ನಗಿಸುವ ಪಾತ್ರ, ಮುಚ್ಚಿದ ಸ್ಟುಡಿಯೊ: ಒಂದು ಪತ್ರಕ್ಕೆ ಸಂಪಾದಕರ ಉತ್ತರ

ಮಾನ್ಯರೆ,

ಬೆಂಗಳೂರಿನ ವಿಜಯನಗರದಿಂದ ನೀವು ಬರೆದ ಪತ್ರ ತಲುಪಿತು. ಬಿ.ಕಾಂ. ಮುಗಿಸಿದ ನಿಮ್ಮ ಮಗಳು ಹವ್ಯಾಸಿ ತಂಡಗಳಲ್ಲಿ ನಾಟಕವಾಡಿ, ಈಚೆಗೆ ದೈನಿಕ ಧಾರಾವಾಹಿಯೊಂದರಲ್ಲಿ ನಾಯಕಿಯ ಗೆಳತಿಯ ಪಾತ್ರ ಮಾಡುತ್ತಿರುವುದಾಗಿಯೂ, ಈಗ ಅವಳಿಗೆ ಬೇರೊಂದು ಧಾರಾವಾಹಿಯಿಂದ ಪೂರ್ಣಪ್ರಮಾಣದ ಹಾಸ್ಯಪಾತ್ರಕ್ಕೆ ಕರೆ ಬಂದಿರುವುದಾಗಿಯೂ ತಿಳಿಸಿದ್ದೀರಿ. ಮಗ ಅನಿಮೇಟರ್, ಅವನು ದುಡಿಯುತ್ತಿದ್ದ ಸಣ್ಣ ಸ್ಟುಡಿಯೊ ಹೊರದೇಶದ ಕೆಲಸ ನಿಂತದ್ದರಿಂದ ಬಾಗಿಲು ಮುಚ್ಚಿದೆ. ನಿಮ್ಮ ಮುಖ್ಯ ಪ್ರಶ್ನೆಗಳು ಮೂರು: ಇವನ್ನು ವೃತ್ತಿಯೆಂದು ನಂಬಬಹುದೆ? ಒಮ್ಮೆ ನಗಿಸುವವಳೆಂಬ ಮುದ್ರೆ ಬಿದ್ದರೆ ಮಗಳಿಗೆ ಬೇರೆ ಪಾತ್ರಗಳು ಸಿಗುತ್ತವೆಯೆ? ಇಬ್ಬರಿಗೂ ಬ್ಯಾಂಕ್ ಪರೀಕ್ಷೆ ಬರೆಯಲು ಹೇಳುವುದು ತಂದೆಯ ಕರ್ತವ್ಯವಲ್ಲವೆ? ಇಂಥದೇ ಆತಂಕ ಈ ನಗರದ ಹಲವು ಮನೆಗಳಲ್ಲಿ ಇರುವುದರಿಂದ ತುಸು ವಿಸ್ತಾರವಾಗಿ ಉತ್ತರಿಸುತ್ತಿದ್ದೇನೆ.

ಮೊದಲ ಪ್ರಶ್ನೆಗೆ ನನ್ನ ಉತ್ತರ, ಹೌದು, ಇವು ವೃತ್ತಿಗಳೇ. ಆದರೆ ಇವುಗಳ ಕ್ಯಾಲೆಂಡರ್ ಬೇರೆ. ನಾವು ನಟರನ್ನು ತೆರೆಯ ಮೇಲೆ ಕಾಣುವ ದಿನಗಳಿಂದ ಅಳೆಯುತ್ತೇವೆ. ಅವರ ಬದುಕು ನಿರ್ಧಾರವಾಗುವುದು ಒಂದು ಪಾತ್ರ ಮುಗಿದು ಇನ್ನೊಂದು ಸಿಗುವವರೆಗಿನ ತಿಂಗಳುಗಳಲ್ಲಿ. ಆ ತಿಂಗಳುಗಳಲ್ಲಿ ಕಲಾವಿದರ ಕೈಯಲ್ಲಿ ಏನಿರುತ್ತದೆ ಎಂಬುದೇ ಮುಖ್ಯ ಪ್ರಶ್ನೆ. ಗುಬ್ಬಿ ವೀರಣ್ಣನವರ ಕಂಪನಿಯಂಥ ವೃತ್ತಿ ನಾಟಕ ಮಂಡಳಿಗಳು ನಟರಿಗೆ ಊಟ, ಬಿಡಾರ ಮತ್ತು ಸಂಬಳದ ಜೊತೆಗೆ ಎಲ್ಲ ಕೆಲಸಗಳ ರೂಢಿಯನ್ನೂ ಕೊಟ್ಟಿದ್ದವು. ಹುಡುಗನೊಬ್ಬ ಬಾಲಪಾತ್ರದಿಂದ ಶುರುಮಾಡಿ, ಹಾಡು ಕಲಿತು, ಇನ್ನೊಬ್ಬರ ಪಾತ್ರವನ್ನೂ ಬಾಯಿಪಾಠ ಮಾಡಿಕೊಂಡು, ಅಗತ್ಯ ಬಿದ್ದ ರಾತ್ರಿ ಯಾವ ವೇಷಕ್ಕಾದರೂ ಸಿದ್ಧನಾಗಿರುತ್ತಿದ್ದ. 1954ರಲ್ಲಿ ಎಚ್.ಎಲ್.ಎನ್. ಸಿಂಹ ನಿರ್ದೇಶಿಸಿದ ‘ಬೇಡರ ಕಣ್ಣಪ್ಪ’ದಲ್ಲಿ ರಾಜ್‌ಕುಮಾರ್, ನರಸಿಂಹರಾಜು ಮತ್ತು ಜಿ.ವಿ. ಅಯ್ಯರ್ ಒಟ್ಟಿಗೆ ಕಾಣಿಸಿಕೊಂಡಾಗ ಅವರ ಹಿಂದೆ ಇಂಥ ದೀರ್ಘ ರಂಗಜೀವನವಿತ್ತು. ಆ ಕಂಪನಿಗಳಲ್ಲಿ ಸಂಬಳ ನಿಂತ ತಿಂಗಳುಗಳೂ ಅರೆಹೊಟ್ಟೆಯ ದಿನಗಳೂ ಇದ್ದವು, ಅದನ್ನು ಮರೆಯಬಾರದು. ಆದರೂ ಒಂದು ಬಾಗಿಲು ಮುಚ್ಚಿದರೆ ಇನ್ನೊಂದನ್ನು ತಟ್ಟುವುದಕ್ಕೆ ಬೇಕಾದ ಕಸುಬು ಕೈಯಲ್ಲಿರುತ್ತಿತ್ತು. ಕಿವಿ ಕೇಳಿಸದ ಟಿ.ಎನ್. ಬಾಲಕೃಷ್ಣ ಅವರು ನಟರಾಗಿ ನಿಂತದ್ದಲ್ಲದೆ ಲೇಖನಿಯನ್ನೂ ಹಿಡಿದರು, ಕೆಂಗೇರಿಯ ಬಳಿ ಅಭಿಮಾನ್ ಸ್ಟುಡಿಯೊ ಕಟ್ಟಿದರು.

ಇಂದಿನ ದೈನಿಕ ಧಾರಾವಾಹಿ ಆ ಕಂಪನಿಗಳ ಜಾಗದಲ್ಲಿ ನಿಂತಿದೆಯಾದರೂ ಕಲಿಸುವ ವ್ಯವಧಾನ ಅದಕ್ಕಿಲ್ಲ. ಅರ್ಧ ಗಂಟೆಯ ಕಂತಿಗೆ ಸುಮಾರು 22 ನಿಮಿಷಗಳ ದೃಶ್ಯ ಬೇಕು, ಅದು ವಾರದಲ್ಲಿ ಐದಾರು ದಿನ ಬೇಕು, ಮತ್ತು ಕಂತುಗಳ ಬ್ಯಾಂಕಿಂಗ್, ಅಂದರೆ ಮೊದಲೇ ಚಿತ್ರೀಕರಿಸಿಟ್ಟ ಕಂತುಗಳ ದಾಸ್ತಾನು, ಕಡಿಮೆಯಾದಂತೆ ಚಿತ್ರೀಕರಣದ ದಿನ ಉದ್ದವಾಗುತ್ತ ಹೋಗುತ್ತದೆ. ನಿಮ್ಮ ಮಗಳಂಥ ಪೋಷಕ ನಟಿಗೆ ಸಂಭಾವನೆ ಸಿಗುವುದು ಕಾಲ್‌ಶೀಟ್, ಅಂದರೆ ಚಿತ್ರೀಕರಣದ ಕರೆ, ಇದ್ದ ದಿನಗಳಿಗೆ ಮಾತ್ರ. ಆ ಹಣವೂ ಕೈಸೇರಲು ಎರಡು ಮೂರು ತಿಂಗಳು ಹಿಡಿಯುವುದು ಅಪರೂಪವಲ್ಲ. ಟಿಆರ್‌ಪಿ ಇಳಿದ ವಾರ ಕಥೆಯ ಟ್ರ್ಯಾಕ್ ಬದಲಾದರೆ ನಾಯಕಿಯ ಗೆಳತಿ ಒಂದೇ ಸಾಲಿನ ಸಂಭಾಷಣೆಯಲ್ಲಿ ಹೊರದೇಶಕ್ಕೆ ಹೊರಟುಹೋಗಬಹುದು. 2020ರ ಮಾರ್ಚ್‌ನಲ್ಲಿ ಚಿತ್ರೀಕರಣಗಳು ಒಮ್ಮೆಲೇ ನಿಂತಾಗ, ದಿನಗೂಲಿಯ ಲೆಕ್ಕದಲ್ಲಿ ದುಡಿಯುವ ಕಲಾವಿದರ ಮನೆಗಳಲ್ಲಿ ಏನಾಯಿತೆಂಬುದನ್ನು ಈ ನಗರ ಕಂಡಿದೆ.

ಇನ್ನು ನಿಮ್ಮನ್ನು ಹೆಚ್ಚು ಕಾಡಿರುವ ಹಾಸ್ಯಪಾತ್ರದ ಮಾತಿಗೆ ಬರುತ್ತೇನೆ. ಮಗಳು ಆ ಪಾತ್ರವನ್ನು ಒಪ್ಪಿಕೊಳ್ಳಲಿ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಹಾಸ್ಯವನ್ನು ಕೆಳಗಿನ ಮೆಟ್ಟಿಲೆಂದು ಎಣಿಸುವ ಅಭ್ಯಾಸ ನಮ್ಮಲ್ಲಿ ಹಳೆಯದು, ಮತ್ತು ಅದು ಅನ್ಯಾಯದ ಅಭ್ಯಾಸ. ನರಸಿಂಹರಾಜು ಅವರು 1979ರಲ್ಲಿ ತೀರಿಕೊಳ್ಳುವವರೆಗಿನ ಕಾಲು ಶತಮಾನದಲ್ಲಿ ಕನ್ನಡ ಚಿತ್ರಗಳಿಗೆ ಎಷ್ಟು ಅನಿವಾರ್ಯರಾಗಿದ್ದರೆಂದರೆ, ನಿರ್ಮಾಪಕರು ಮೊದಲು ಅವರ ಕಾಲ್‌ಶೀಟ್ ಗೊತ್ತುಮಾಡಿಕೊಂಡು ಆಮೇಲೆ ನಾಯಕನ ದಿನಾಂಕ ಕೇಳುತ್ತಿದ್ದರು ಎಂಬ ಮಾತು ಗಾಂಧಿನಗರದಲ್ಲಿ ಇಂದಿಗೂ ಬಳಕೆಯಲ್ಲಿದೆ. ಹುಣಸೂರಿನ ದ್ವಾರಕೀಶ್ ಅವರು ತಮ್ಮ ಕುಳ್ಳ ದೇಹವನ್ನೇ ಗುರುತಾಗಿಸಿಕೊಂಡು, ನಗಿಸುತ್ತಲೇ ನಿರ್ಮಾಪಕರೂ ನಿರ್ದೇಶಕರೂ ಆದರು. ಸಾಧು ಕೋಕಿಲ ಅವರನ್ನು ಪ್ರೇಕ್ಷಕರು ನಗುವಿನಿಂದ ಗುರುತಿಸುತ್ತಾರೆ. ಸಂಗೀತ ನಿರ್ದೇಶನದ ಕಸುಬು ಅವರ ಇನ್ನೊಂದು ಕೈಯಲ್ಲಿದೆ. ಶರಣ್ ಅವರು ಹಾಸ್ಯನಟರಾಗಿ ದೀರ್ಘಕಾಲ ದುಡಿದ ಮೇಲೆ 2012ರಲ್ಲಿ ನಾಯಕರಾಗಿ ಬಂದಾಗ ಜನ ಅವರನ್ನು ಒಪ್ಪಿಕೊಂಡರು.

ಹೆಣ್ಣುಮಕ್ಕಳ ವಿಷಯದಲ್ಲಿ ಮುದ್ರೆಯ ಭಯ ಇನ್ನೂ ಹೆಚ್ಚೆಂಬುದನ್ನು ಬಲ್ಲೆ. ಹಾಸ್ಯನಟಿಯರಿಗೆ ನಮ್ಮ ಚಿತ್ರರಂಗ ಬರೆದುಕೊಟ್ಟ ಸಂಭಾಷಣೆಗಳಲ್ಲಿ ಬಹುಪಾಲು ಅವರ ಯೋಗ್ಯತೆಗೆ ತಕ್ಕವಾಗಿರಲಿಲ್ಲ. ಇಲ್ಲಿ ಉಮಾಶ್ರೀ ಅವರ ದಾರಿಯನ್ನು ಗಮನವಿಟ್ಟು ನೋಡಬೇಕು. ರಂಗಭೂಮಿಯಲ್ಲಿ ‘ಒಡಲಾಳ’ದ ಸಾಕವ್ವನಾಗಿ ಪ್ರೇಕ್ಷಕರನ್ನು ಅಲುಗಾಡಿಸಿದ ಈ ನಟಿಗೆ ಸಿನಿಮಾ ಬಹುಕಾಲ ಕೊಟ್ಟದ್ದು ಹಾಸ್ಯಪಾತ್ರಗಳನ್ನು, ಅವುಗಳಲ್ಲಿ ಕೆಲವು ದ್ವಂದ್ವಾರ್ಥದ ಸಂಭಾಷಣೆಯ ಅಗ್ಗದ ಪಾತ್ರಗಳೂ ಹೌದು. ಆ ವರ್ಷಗಳುದ್ದಕ್ಕೂ ಅವರು ರಂಗಭೂಮಿಯ ಕಸುಬನ್ನು ಕೈಬಿಡಲಿಲ್ಲ. ಗಿರೀಶ ಕಾಸರವಳ್ಳಿ ಅವರ 2008ರ ‘ಗುಲಾಬಿ ಟಾಕೀಸ್’ನಲ್ಲಿ ಸೂಲಗಿತ್ತಿ ಗುಲಾಬಿಯಾಗಿ ನಟಿಸಿ ಶ್ರೇಷ್ಠ ನಟಿ ರಾಷ್ಟ್ರಪ್ರಶಸ್ತಿ ಪಡೆದಾಗ, ಅದುವರೆಗೆ ಅವರನ್ನು ನಗುವಿಗೆ ಮಾತ್ರ ಬಳಸಿಕೊಂಡವರಿಗೆ ಅಚ್ಚರಿಯಾಗಿರಬಹುದು, ನಾಟಕ ನೋಡಿದವರಿಗೆ ಆಗಿರಲಾರದು. ವೈಜನಾಥ ಬಿರಾದಾರ ಅವರ ಕಥೆಯೂ ಇದಕ್ಕೆ ಹತ್ತಿರದ್ದು. ಚಿತ್ರದಿಂದ ಚಿತ್ರಕ್ಕೆ ಭಿಕ್ಷುಕನ, ಕುಡುಕನ ಚಿಕ್ಕ ಪಾತ್ರಗಳಲ್ಲೇ ಕಂಡ ಅವರನ್ನು ಕಾಸರವಳ್ಳಿಯವರೇ 2010ರ ‘ಕನಸೆಂಬ ಕುದುರೆಯನೇರಿ’ಯಲ್ಲಿ ಗುಂಡಿ ತೋಡುವ ಈರ್ಯನನ್ನಾಗಿಸಿ ಕಥೆಯ ನಡುವೆ ನಿಲ್ಲಿಸಿದರು.

ಇದರರ್ಥ ಪ್ರತಿ ಹಾಸ್ಯನಟಿಗೂ ಒಬ್ಬ ಕಾಸರವಳ್ಳಿ ಸಿಗುತ್ತಾರೆಂದಲ್ಲ. ಹಾಸ್ಯವು ನಟಿಯೊಬ್ಬಳಿಗೆ ಕಲಿಸುವುದನ್ನು ನಾಯಕಿಯ ಗೆಳತಿಯ ಪಾತ್ರ ಹತ್ತು ವರ್ಷವಾದರೂ ಕಲಿಸದು ಎಂಬುದಷ್ಟೇ ನನ್ನ ವಾದ. ಅಳಿಸುವ ದೃಶ್ಯಕ್ಕೆ ಹಿನ್ನೆಲೆ ಸಂಗೀತ ಹೆಗಲು ಕೊಡುತ್ತದೆ. ನಗಿಸುವ ದೃಶ್ಯ ಮಾತಿನ ಏರಿಳಿತ, ನಿಲುಗಡೆ, ಎದುರಿನವರ ಮಾತನ್ನು ಕೇಳಿಸಿಕೊಳ್ಳುವ ಬಗೆ ಇವುಗಳ ಮೇಲೆ ನಿಂತಿರುತ್ತದೆ, ಕ್ಷಣ ತಪ್ಪಿದರೆ ಸೋಲುತ್ತದೆ. ಮಗಳು ಧಾರಾವಾಹಿಯ ಜೊತೆಗೆ ರಂಗದ ನಂಟನ್ನೂ ಉಳಿಸಿಕೊಳ್ಳಲಿ. ಈ ನಗರದಲ್ಲಿ 1963ರಿಂದ ರವೀಂದ್ರ ಕಲಾಕ್ಷೇತ್ರವಿದೆ, 2004ರಿಂದ ಜೆ.ಪಿ. ನಗರದಲ್ಲಿ ರಂಗಶಂಕರವಿದೆ, ವಾರಾಂತ್ಯದಲ್ಲಿ ತಾಲೀಮು ನಡೆಸುವ ತಂಡಗಳು ಬಡಾವಣೆಗೊಂದರಂತಿವೆ. ಆರು ತಿಂಗಳೋ ವರ್ಷವೋ ಬಿಡುವು ಸಾಧ್ಯವಾದರೆ ಹೆಗ್ಗೋಡಿನ ನೀನಾಸಂನಂಥ ರಂಗಶಾಲೆಯಲ್ಲಿ ಕಲಿತು ಬರುವುದು ಇನ್ನೂ ಒಳ್ಳೆಯದು. ಧಾರಾವಾಹಿಗಳಲ್ಲೂ ಸಿನಿಮಾದಲ್ಲೂ ದೀರ್ಘಕಾಲ ನಿಂತ ಪೋಷಕ ನಟರ ಹಿನ್ನೆಲೆಯನ್ನು ವಿಚಾರಿಸಿ ನೋಡಿ. ಸರ್ಕಾರಿ ನಾಟಕ ಸಂಸ್ಥೆಯಾದ ರಂಗಾಯಣ, ಊರೂರು ಸುತ್ತಿ ನಾಟಕವಾಡುವ ನೀನಾಸಂ ತಿರುಗಾಟಗಳ ಹೆಸರು ಮತ್ತೆ ಮತ್ತೆ ಬರುತ್ತದೆ. ರಂಗಾಯಣ ರಘು ಅವರ ಹೆಸರಿನಲ್ಲೇ ಅದು ಸೇರಿಕೊಂಡಿದೆ.

ಮಗನ ಸ್ಥಿತಿ ಇದಕ್ಕಿಂತ ಬೇರೆ. ಅವನು ತಿಂಗಳ ಸಂಬಳ, ಭವಿಷ್ಯನಿಧಿ, ಗುರುತಿನ ಚೀಟಿ ಎಲ್ಲವೂ ಇದ್ದ ನೌಕರ. ಹಾಗಾಗಿ ಆಘಾತವೂ ಅನಿರೀಕ್ಷಿತ. ಬೆಂಗಳೂರಿನ ಅನಿಮೇಷನ್ ಉದ್ಯಮದ ಬಲವೂ ದೌರ್ಬಲ್ಯವೂ ಒಂದೇ ಕಡೆ ಇವೆ: ಅದು ಬಹುಮಟ್ಟಿಗೆ ಹೊರದೇಶದ ಚಿತ್ರಗಳಿಗೆ ದುಡಿದು ಬೆಳೆದ ಉದ್ಯಮ. ಇಲ್ಲಿನ ಟೆಕ್ನಿಕಲರ್ ಸ್ಟುಡಿಯೊದಲ್ಲಿ ಹಾಲಿವುಡ್ಡಿನ ಅನಿಮೇಷನ್ ಸಂಸ್ಥೆ ಡ್ರೀಮ್‌ವರ್ಕ್ಸ್‌ಗೆಂದೇ ಮೀಸಲಾದ ಘಟಕವಿತ್ತು, 2011ರ ‘ಪುಸ್ ಇನ್ ಬೂಟ್ಸ್’ ಚಿತ್ರದ ಅನಿಮೇಷನ್ನಿನಲ್ಲಿ ಆ ತಂಡದ ಪಾಲು ದೊಡ್ಡದಿತ್ತು. ಅದೇ ಟೆಕ್ನಿಕಲರ್ ಸಮೂಹ 2025ರ ಫೆಬ್ರುವರಿಯಲ್ಲಿ ಕುಸಿದಾಗ ಭಾರತದಲ್ಲಿ ಸಾವಿರಾರು ಜನ ಕೆಲಸ ಕಳೆದುಕೊಂಡರು, ಅವರಲ್ಲಿ ಹೆಚ್ಚಿನವರು ಬೆಂಗಳೂರಿನವರು. 2023ರಲ್ಲಿ ಹಾಲಿವುಡ್ಡಿನ ಬರಹಗಾರರೂ ನಟರೂ ತಿಂಗಳುಗಟ್ಟಲೆ ಮುಷ್ಕರ ಹೂಡಿದ್ದರಿಂದ ಚಿತ್ರಗಳ ತಯಾರಿ ನಿಂತು, ಅದರ ಪರಿಣಾಮ ಮುಂದಿನ ವರ್ಷ ಇಲ್ಲಿನ ಕಂಪ್ಯೂಟರುಗಳ ಮುಂದೆ ಕಾಣಿಸಿಕೊಂಡಿತು. ಲಾಸ್ ಏಂಜಲೀಸಿನ ಹಕ್ಕಿನ ಹೋರಾಟ ವಿಜಯನಗರದ ಮನೆಯ ಬಾಡಿಗೆಗೆ ತಟ್ಟುವ ಉದ್ಯಮವಿದು. ಪ್ರತಿಭೆಯ ಕೊರತೆಯಿಂದ ಕೆಲಸ ಹೋಯಿತೆಂಬ ಭಾವ ಮಗನ ಮನಸ್ಸಿನಲ್ಲಿದ್ದರೆ ಮೊದಲು ಅದನ್ನು ತೆಗೆದುಹಾಕಿ. 2013ರಲ್ಲಿ ದೃಶ್ಯಪರಿಣಾಮಗಳಿಗಾಗಿ ಆಸ್ಕರ್ ಗೆದ್ದ ‘ಲೈಫ್ ಆಫ್ ಪೈ’ಯ ಹುಲಿಯನ್ನು ಸೃಷ್ಟಿಸಿದ ರಿದಮ್ ಅಂಡ್ ಹ್ಯೂಸ್ ಸಂಸ್ಥೆ, ಅದೇ ವರ್ಷದ ಫೆಬ್ರುವರಿಯಲ್ಲಿ ದಿವಾಳಿ ಅರ್ಜಿ ಸಲ್ಲಿಸಿತ್ತು.

ಅವನು ಯಾವ ವಿಭಾಗದಲ್ಲಿದ್ದನೆಂದು ನೀವು ಬರೆದಿಲ್ಲ. ಅದು ಬಹಳ ಮುಖ್ಯ. ದೃಶ್ಯದಿಂದ ಆಕೃತಿಗಳನ್ನು ಬಿಡಿಸುವ ರೋಟೊ, ಬೇಡದ್ದನ್ನು ಅಳಿಸುವ ಪೇಂಟ್, ಕ್ಯಾಮೆರಾದ ಚಲನೆಯನ್ನು ಕಂಪ್ಯೂಟರಿನಲ್ಲಿ ಹೊಂದಿಸುವ ಮ್ಯಾಚ್‌ಮೂವ್ ಮುಂತಾದ ಕೆಲಸಗಳು ಹೊಸಬರಿಗೆ ಪ್ರವೇಶದ್ವಾರ, ಯಂತ್ರಗಳು ಮೊದಲು ನುಂಗುತ್ತಿರುವುದೂ ಅವನ್ನೇ. ಅಲ್ಲಿದ್ದರೆ ಮೇಲಿನ ಕೌಶಲಕ್ಕೆ ಏರಲು ಈ ಬಿಡುವನ್ನು ಬಳಸಿಕೊಳ್ಳಬೇಕು. ಪಾತ್ರಗಳಿಗೆ ಚಲನೆ ಕೊಡುವ ಅನಿಮೇಟರ್ ಆಗಿದ್ದರೆ ಅವನ ಕಸುಬು ತಂಗಿಯ ಕಸುಬಿನ ಒಡಹುಟ್ಟು ಎಂಬುದನ್ನು ನೀವೂ ಅವನೂ ತಿಳಿಯಬೇಕು. ಅನಿಮೇಟರ್ ಮೊದಲು ತಾನೇ ಕ್ಯಾಮೆರಾ ಮುಂದೆ ನಿಂತು ದೃಶ್ಯವನ್ನು ಅಭಿನಯಿಸಿ, ಆ ತುಣುಕನ್ನು ಫ್ರೇಮು ಫ್ರೇಮಾಗಿ ನೋಡಿ, ಭಾರ ಯಾವ ಕಾಲಿನ ಮೇಲಿದೆ, ಕಣ್ಣು ಮೊದಲು ತಿರುಗಿತೋ ಕುತ್ತಿಗೆ ಮೊದಲು ತಿರುಗಿತೋ ಎಂದು ಪರೀಕ್ಷಿಸುತ್ತಾನೆ. ಚಿತ್ರದಲ್ಲಿ ಸೆಕೆಂಡಿಗೆ 24 ಫ್ರೇಮುಗಳು. ನಗೆ ಸಿಡಿಯುವ ಮುನ್ನ ಬರುವ ಅರ್ಧ ಸೆಕೆಂಡಿನ ಮೌನವೆಂದರೆ 12 ಫ್ರೇಮು. ಅದು ಎಂಟಾದರೆ ಮಾತು ಅವಸರದ್ದಾಗುತ್ತದೆ, ಇಪ್ಪತ್ತಾದರೆ ನಗೆ ಆರುತ್ತದೆ. ಮಗಳು ಅಂದಾಜಿನಿಂದ ಹಿಡಿಯುವ ಈ ಲಯವನ್ನು ಮಗ ಎಣಿಸಿ ಹಿಡಿಯುತ್ತಾನೆ. ಒಳ್ಳೆಯ ಅನಿಮೇಷನ್ ಚಿತ್ರಗಳಲ್ಲಿ ಒಬ್ಬ ಕಲಾವಿದ ವಾರವಿಡೀ ದುಡಿದರೆ ಕೆಲವೇ ಸೆಕೆಂಡು ಸಿದ್ಧವಾಗುತ್ತದೆ, ಅಷ್ಟು ತಾಳ್ಮೆಯ ಅಭಿನಯ ಅದು. ಅಣ್ಣ ತಂಗಿಯ ತಾಲೀಮಿಗೆ ಹೋಗಿ ಕೂರಲಿ, ತಂಗಿ ಅಣ್ಣನ ಪರದೆಯ ಮೇಲೆ ತನ್ನದೇ ದೃಶ್ಯವನ್ನು ಫ್ರೇಮಿನ ಲೆಕ್ಕದಲ್ಲಿ ನೋಡಲಿ ಎಂದು ಮನಃಪೂರ್ವಕವಾಗಿ ಸೂಚಿಸುತ್ತೇನೆ. ಇಬ್ಬರಿಗೂ ದುಡ್ಡು ಕೊಟ್ಟು ಸೇರುವ ಎಷ್ಟೋ ತರಗತಿಗಳಿಗಿಂತ ಇದು ಹೆಚ್ಚು ಕಲಿಸೀತು.

ನನಗೆ ನೋವಿರುವುದು ಇನ್ನೊಂದು ವಿಷಯದಲ್ಲಿ. ಇಷ್ಟು ಕೈಗಳಿರುವ ನಗರದಲ್ಲಿ ಕನ್ನಡದ್ದೇ ಆದ ಅನಿಮೇಷನ್ ಪಾತ್ರಗಳು ಎಷ್ಟಿವೆ? ರಾಜ್ಯ ಸರ್ಕಾರ 2012ರಲ್ಲೇ ಈ ಕ್ಷೇತ್ರಕ್ಕೊಂದು ನೀತಿ ತಂದು ಈಗ 2024–29ರ ಅವಧಿಯ ನೀತಿಯವರೆಗೆ ಬಂದಿದೆ, ತರಬೇತಿ ಕೇಂದ್ರವೂ ಇದೆ. ಆದರೆ ನೌಕರಿಯ ಲೆಕ್ಕದಲ್ಲಿ ಯೋಚಿಸಿದಷ್ಟು ನಾವು ಕಥೆಯ ಲೆಕ್ಕದಲ್ಲಿ ಯೋಚಿಸಿಲ್ಲ. ಬೆಂಗಳೂರಿನ ಹೊಂಬಾಳೆ ಫಿಲ್ಮ್ಸ್ ಅರ್ಪಿಸಿದ ‘ಮಹಾವತಾರ ನರಸಿಂಹ’ 2025ರಲ್ಲಿ ಕನ್ನಡವೂ ಸೇರಿ ಹಲವು ಭಾಷೆಗಳಲ್ಲಿ ತೆರೆಕಂಡು ಗೆದ್ದದ್ದು, ಅನಿಮೇಷನ್ನಿಗೆ ನಮ್ಮವರು ಟಿಕೆಟ್ ಕೊಳ್ಳುವುದಿಲ್ಲವೆಂಬ ಹಳೆಯ ನೆಪವನ್ನು ಕಿತ್ತುಹಾಕಿತು. ಕೆಲಸ ಹುಡುಕುವ ತಿಂಗಳುಗಳಲ್ಲಿ ಮಗ ಒಂದು ನಿಮಿಷದ ಕನ್ನಡ ದೃಶ್ಯವನ್ನು ಮಾಡಲಿ, ದನಿ ತಂಗಿಯದಾಗಲಿ. ಮುಂದಿನ ಸಂದರ್ಶನದಲ್ಲಿ, ಇದರಲ್ಲಿ ನಿನ್ನ ಪಾಲೆಷ್ಟು ಎಂದು ಯಾರೂ ಕೇಳಲಾರದಂಥ ಕೆಲಸ ಅವನ ರೀಲ್‌ನಲ್ಲಿ, ಅಂದರೆ ಕೆಲಸದ ಮಾದರಿಗಳ ವಿಡಿಯೊದಲ್ಲಿ, ಇರುತ್ತದೆ.

ಕಾಗದಪತ್ರಗಳ ಮಾತನ್ನು ಚುಟುಕಾಗಿ ಹೇಳುತ್ತೇನೆ. ಹಾಸ್ಯಪಾತ್ರ ಒಪ್ಪುವ ಮುನ್ನ ದಿನದ ಸಂಭಾವನೆ, ತಿಂಗಳಿಗೆ ಕನಿಷ್ಠ ದಿನಗಳು, ಹಣ ಕೊಡುವ ಗಡುವು, ಬೇರೆ ಧಾರಾವಾಹಿ ಅಥವಾ ನಾಟಕ ಮಾಡುವ ಸ್ವಾತಂತ್ರ್ಯ, ಇವು ನಾಲ್ಕೂ ಬರಹದಲ್ಲಿರಲಿ. ಮುಖ ಮತ್ತು ದನಿಯ ಡಿಜಿಟಲ್ ಬಳಕೆಯ ಬಗ್ಗೆ ಷರತ್ತೇನಿದೆ ಎಂದು ಓದಿ ನೋಡಲಿ. 2009ರಲ್ಲಿ ನಮ್ಮನ್ನಗಲಿದ ವಿಷ್ಣುವರ್ಧನ್ ಅವರ ರೂಪವನ್ನು 2016ರ ‘ನಾಗರಹಾವು’ ಚಿತ್ರಕ್ಕಾಗಿ ಕಂಪ್ಯೂಟರಿನಲ್ಲಿ ಮರುಸೃಷ್ಟಿಸಲಾಯಿತು. ಅಂದು ಅದ್ಭುತವೆನಿಸಿದ್ದು ಇಂದು ಸಾಮಾನ್ಯ ತಂತ್ರವಾಗುತ್ತಿದೆ. ತಮ್ಮ ರೂಪ, ದನಿಗಳ ದುರ್ಬಳಕೆಯ ವಿರುದ್ಧ ನಟ ಅನಿಲ್ ಕಪೂರ್ 2023ರಲ್ಲಿ ದೆಹಲಿ ಹೈಕೋರ್ಟಿನಿಂದ ಆದೇಶ ಪಡೆದರು, ಆದರೆ ಹೊಸ ನಟಿಗೆ ಕೋರ್ಟಿಗಿಂತ ಮೊದಲು ಕರಾರುಪತ್ರವೇ ರಕ್ಷಣೆ. ಸಂಭಾವನೆಯಲ್ಲಿ ಮುರಿದುಕೊಂಡ ಶೇ 10ರ ಟಿಡಿಎಸ್ (ಮೂಲದಲ್ಲೇ ಕಡಿತವಾಗುವ ತೆರಿಗೆ) ಮರಳಿ ಬರಬೇಕಾದರೆ ಪ್ರತಿವರ್ಷ ಆದಾಯ ತೆರಿಗೆ ವಿವರ ಸಲ್ಲಿಸಬೇಕು, ಬಿ.ಕಾಂ. ಓದಿದವಳಿಗೆ ಅದು ಕಷ್ಟವಲ್ಲ. ಸಿನಿಮಾ ಟಿಕೆಟ್ಟುಗಳ ಮೇಲೆ ಶೇ 1ರಿಂದ 2ರವರೆಗೆ ಸೆಸ್ ವಿಧಿಸಿ ಸಿನಿ ಮತ್ತು ಸಾಂಸ್ಕೃತಿಕ ಕಾರ್ಯಕರ್ತರ ಕ್ಷೇಮನಿಧಿ ಕಟ್ಟುವ ಕಾಯ್ದೆಯನ್ನು ಕರ್ನಾಟಕ 2024ರಲ್ಲಿ ಮಾಡಿದೆ. ಅದರ ನೋಂದಣಿಯ ಕ್ರಮವನ್ನು ಕಲಾವಿದರ ಸಂಘದಲ್ಲಿ ವಿಚಾರಿಸಿಕೊಳ್ಳಲಿ. ಮಗ ಹಳೆಯ ಸ್ಟುಡಿಯೊದಿಂದ ಅನುಭವಪತ್ರ ಮತ್ತು ಭವಿಷ್ಯನಿಧಿಯ ದಾಖಲೆಗಳನ್ನು ತಡಮಾಡದೆ ಪಡೆದಿಟ್ಟುಕೊಳ್ಳಬೇಕು.

ಬ್ಯಾಂಕ್ ಪರೀಕ್ಷೆಯನ್ನು ಇಬ್ಬರೂ ಬರೆಯಬಹುದು, ಆದರೆ ಅದನ್ನು ಶಿಕ್ಷೆಯಾಗಿ ವಿಧಿಸಬೇಡಿ. ಬ್ಯಾಂಕಿನಲ್ಲಿ ದುಡಿದು ನಟನೆಗೆ ಬಂದ ಬ್ಯಾಂಕ್ ಜನಾರ್ದನ್ ಅವರು ಆ ನೌಕರಿಯ ಹೆಸರನ್ನೇ ಹೊತ್ತು ಕನ್ನಡಿಗರನ್ನು ದಶಕಗಳ ಕಾಲ ನಗಿಸಿದರು. ನಿಮ್ಮ ಪತ್ರದ ಕೊನೆಯ ಸಾಲಿನಲ್ಲಿ, ಮನೆಯಿಂದ ಎಷ್ಟು ಕಾಲ ಕೈಹಿಡಿಯಬೇಕೆಂದು ಕೇಳಿದ್ದೀರಿ. ಪಿಂಚಣಿಯ ಮನೆಗೆ ಕೊನೆಯಿಲ್ಲದ ನೆರವು ಸಾಧ್ಯವಿಲ್ಲ, ಹಾಗೆಂದು ಮಕ್ಕಳಿಗೆ ಹೇಳುವುದರಲ್ಲಿ ತಪ್ಪೂ ಇಲ್ಲ. ಊಟ ಮತ್ತು ವಸತಿ ನಿಮ್ಮದಾಗಿರಲಿ, ಉಳಿದ ಖರ್ಚು ಅವರದಾಗಲಿ. ಕೆಲಸವಿದ್ದ ತಿಂಗಳ ಗಳಿಕೆಯಲ್ಲಿ ಒಂದು ಪಾಲನ್ನು ಕೆಲಸವಿಲ್ಲದ ತಿಂಗಳಿಗೆಂದು ಇಬ್ಬರೂ ಬೇರೆ ಖಾತೆಯಲ್ಲಿಡಲಿ. ಒಂದು ವರ್ಷದ ಬಳಿಕ ಆ ಖಾತೆಯನ್ನೂ, ಮಗನ ರೀಲನ್ನೂ, ಮಗಳು ಆಡಿದ ನಾಟಕಗಳನ್ನೂ ಮುಂದಿಟ್ಟುಕೊಂಡು ಮೂವರೂ ಕುಳಿತು ಮತ್ತೊಮ್ಮೆ ಮಾತಾಡಿ.

– ಸಂಪಾದಕ