ಗೇಮ್ ಜಪಾನಿನದ್ದೋ, ಅಮೆರಿಕದ್ದೋ?

ಪ್ರಶ್ನೆ: ವಿಡಿಯೋ ಗೇಮ್ ಅಂದ್ರೆ ಜಪಾನ್, ಉಳಿದವರದ್ದೆಲ್ಲ ಬರೀ ನಕಲು ಅಂತ ನನ್ನ ತಮ್ಮ ವಾದ ಮಾಡ್ತಾನೆ. ಹೌದಾ ಸರ್?

ಉತ್ತರ: ಅರ್ಧ ಹೌದು. 1983ರಲ್ಲಿ ಅಮೆರಿಕದ ಗೇಮ್ ಮಾರುಕಟ್ಟೆ ನೆಲಕಚ್ಚಿತ್ತು. ಅಂಗಡಿಯವರು ಗೇಮ್ ಅಂದರೆ ಮುಖ ತಿರುಗಿಸುತ್ತಿದ್ದ ಹೊತ್ತಿನಲ್ಲಿ, 1985ರಲ್ಲಿ ಜಪಾನಿನ ಗೇಮ್ ಕಂಪನಿ ನಿಂಟೆಂಡೊ ಅಲ್ಲಿಗೆ ಹೋಗಿ ವ್ಯಾಪಾರವನ್ನು ಮತ್ತೆ ಎಬ್ಬಿಸಿ ನಿಲ್ಲಿಸಿತು. ಆದರೆ ಜಪಾನಿಗರ ಅಚ್ಚುಮೆಚ್ಚಿನ ‘ಡ್ರ್ಯಾಗನ್ ಕ್ವೆಸ್ಟ್’ (1986) ಗೇಮನ್ನೇ ತಗೊಳ್ಳಿ. ಅದನ್ನು ರೂಪಿಸಿದ ಯೂಜಿ ಹೊರಿಯಿ, ಮೇಲಿಂದ ಕಾಣುವ ನಕ್ಷೆಯನ್ನು ಅಮೆರಿಕದ ಕಂಪ್ಯೂಟರ್ ಗೇಮ್ ‘ಅಲ್ಟಿಮಾ’ದಿಂದ, ಎದುರಾಳಿಯನ್ನು ಮುಖಾಮುಖಿ ನಿಲ್ಲಿಸುವ ಕಾಳಗವನ್ನು ಅಲ್ಲಿಯದ್ದೇ ಇನ್ನೊಂದು ಗೇಮ್ ‘ವಿಜರ್ಡ್ರಿ’ಯಿಂದ ತಂದರು. ಕಂಪ್ಯೂಟರಿನ ಕೀಬೋರ್ಡಿಗೆ ಮಾಡಿದ್ದ ಆಟವನ್ನು ಮನೆಯ ಟಿವಿ ಮುಂದೆ ಕೂತ ಮಕ್ಕಳ ಕೈಯ ಪುಟ್ಟ ಕಂಟ್ರೋಲರಿಗೆ ಇಳಿಸಿದ್ದೇ ಅವರ ಜಾಣತನ. ಆ ಮೊದಲ ಆಟದಲ್ಲಿ ಮೆಟ್ಟಿಲು ಇಳಿಯೋಕೂ ತೆರೆಯ ಮೇಲಿನ ಪಟ್ಟಿಯಿಂದ ‘ಮೆಟ್ಟಿಲು’ ಅಂತ ಆರಿಸಬೇಕಿತ್ತು, ಇವತ್ತಿನ ಹುಡುಗರು ಸಹಿಸ್ತಾರಾ!

ಸಾಲ ಆಮೇಲೆ ವಾಪಸ್ಸೂ ಹೋಯಿತು. 2011ರ ಜಪಾನಿನ ‘ಡಾರ್ಕ್ ಸೋಲ್ಸ್’ನಲ್ಲಿ ಬೆಂಕಿಯ ಪಕ್ಕ ಕೂತು ಸುಧಾರಿಸಿಕೊಂಡರೆ ಸತ್ತ ಶತ್ರುಗಳೂ ಎದ್ದು ಬರ್ತಾರೆ. ಅಮೆರಿಕದ ‘ಜೆಡೈ: ಫಾಲನ್ ಆರ್ಡರ್’ನಲ್ಲೂ (2019) ಅದೇ ಕಟ್ಟುಪಾಡು. ಗನ್ ಹಿಡಿದು ನುಗ್ಗುವ ಆಟಗಳಲ್ಲಿ ಮಾತ್ರ, 1993ರ ‘ಡೂಮ್’ನಿಂದ ಈಚೆಗೆ, ಅಮೆರಿಕದವರದ್ದೇ ಕೈ ಮೇಲು. ಇದನ್ನ ತಮ್ಮನಿಗೆ ಹೇಳಿ, ಏನಂತಾನೆ ಬರೀರಿ.